ಎರಡು ಬೆರಳಿನ ಸಂದು

ರವಿಕೆಯ ಬಣ್ಣ ಸೀರೆಗೆ ಹೊಂದದಿದ್ದರೆ ನನಗೆ ಆ ದಿನ ಸರಿಯಾಗಿ ಪಾಠ ಮಾಡಲು ಬರುವುದಿಲ್ಲ. ಹಳಗನ್ನಡದ ಪದ್ಯ ಬಾಯಲ್ಲಿ ಸಲೀಸಾಗಿ ಬಂದರೂ ಅರ್ಥ ಹೇಳುವಾಗ ಕಣ್ಣು ತೋಳಿನ ಕಡೆಗೇ ಜಾರುತ್ತದೆ. ಇದು ಹೇಳಿಕೊಳ್ಳುವಂಥ ಗುಣವಲ್ಲ ಎಂದು ನನಗೂ ಗೊತ್ತು. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು ಅಂತರಂಗದ ಸೌಂದರ್ಯದ ಬಗ್ಗೆ ಮಾತಾಡಬೇಕು. ಪ್ರಬಂಧದ ಪೀರಿಯಡ್ಡಿನಲ್ಲಿ ಬೇಕಾದಷ್ಟು ಮಾತಾಡಿಯೂ ಇದ್ದೇನೆ. ಆದರೆ ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ಬಹಿರಂಗದ ಸೌಂದರ್ಯ ಕಂಡರೆ ನನಗೆ ಒಂದು ಕೈ ಜಾಸ್ತಿಯೇ ಪ್ರೀತಿ.

ಇದಕ್ಕೆಲ್ಲ ಕಾರಣ ನನ್ನ ಎಡಗಾಲು ಎಂದು ತಮ್ಮ ರಮೇಶ ಹೇಳುತ್ತಾನೆ. ಮೂರನೇ ವರ್ಷಕ್ಕೆ ಪೋಲಿಯೊ ಬಂದು ಬತ್ತಿಹೋದ ಕಾಲು ಅದು. ಅವನು ಹೇಳುವುದರಲ್ಲಿ ಹುರುಳಿಲ್ಲದೆ ಇಲ್ಲ. ಜನ ನನ್ನನ್ನು ನೋಡುವುದಕ್ಕೆ ಒಂದು ಕ್ರಮವಿದೆ. ಮೊದಲು ಕಾಲು, ಆಮೇಲೆ ಮುಖ, ಆಮೇಲೆ ಮತ್ತೆ ಕಾಲು. ನಡುವೆ ಒಂದು ಒಳ್ಳೆಯ ಸೀರೆ ಇದ್ದರೆ ಅವರ ಕಣ್ಣಿಗೂ ಸ್ವಲ್ಪ ಹೊತ್ತು ಬೇರೆ ಕೆಲಸ ಸಿಗುತ್ತದೆ ಎನ್ನುವುದು ನನ್ನ ಲೆಕ್ಕಾಚಾರವಾಗಿತ್ತು. ಪ್ರತಿವರ್ಷ ಮಕ್ಕಳನ್ನು ಹುತ್ರಿದುರ್ಗದ ಬೆಟ್ಟಕ್ಕೆ ಕರೆದುಕೊಂಡು ಹೋದಾಗ ನಾನು ಕೆಳಗೆ ಚಿತ್ರಾನ್ನದ ಡಬ್ಬಗಳನ್ನು ಕಾಯುತ್ತ ಕೂರುವುದು ವಾಡಿಕೆ. ಹಾಗೆ ಕಾಯುವ ದಿನವೂ ನಾನು ಉಡುವುದು ರೇಷ್ಮೆಯನ್ನೇ.

ಈಗ ವಿಷಯಕ್ಕೆ ಬರುತ್ತೇನೆ. ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಮನೆ ಇದ್ದದ್ದು ಕುಣಿಗಲ್ಲಿನಲ್ಲಿ, ನನ್ನ ಶಾಲೆ ಇದ್ದದ್ದು ಅಮೃತೂರಿನ ಹತ್ತಿರ. ನಾಲ್ಕು ವರ್ಷ ರಮೇಶನೇ ತನ್ನ ಬೈಕಿನಲ್ಲಿ ಬಿಟ್ಟು ಕರೆದುಕೊಂಡು ಬರುತ್ತಿದ್ದ. ಆಮೇಲೆ ಒಂದು ಬೇಸಿಗೆ ರಜೆಯಲ್ಲಿ ಅವನಿಗೆ ತುಮಕೂರಿನ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ಆರಕ್ಕೇ ಹೊರಡಬೇಕು, ಅದೂ ನನ್ನ ಶಾಲೆಗೆ ತದ್ವಿರುದ್ಧ ದಿಕ್ಕಿಗೆ. ನನಗೆ ಉಳಿದದ್ದು ಪ್ರೈವೇಟ್ ಬಸ್ಸು. ಆ ಬಸ್ಸಿನ ಮೊದಲ ಮೆಟ್ಟಿಲು ನನ್ನ ಮೊಣಕಾಲಿಗಿಂತ ಮೇಲಿತ್ತು. ಕಂಡಕ್ಟರ್ ದೇವರಾಜು ಒಳ್ಳೆಯ ಹುಡುಗ. ಒಳ್ಳೆಯವನಾದದ್ದೇ ತೊಂದರೆ. ಹಿಂದೆಯೂ ರಮೇಶ ಊರಲ್ಲಿಲ್ಲದ ದಿನ ನಾನು ಆ ಬಸ್ಸಿಗೆ ಹೋದರೆ ಎರಡೂ ಕಂಕುಳಿಗೆ ಕೈಹಾಕಿ, ತೆಂಗಿನಕಾಯಿ ಮೂಟೆ ಎತ್ತುವ ಹಾಗೆ ಎತ್ತಿ ಒಳಗೆ ಇಡುತ್ತಿದ್ದ. ಒಳಗಿದ್ದವರೆಲ್ಲ ಕಾಲು, ಮುಖ, ಕಾಲು ನೋಡಿ ಲೊಚಗುಟ್ಟುತ್ತಿದ್ದರು. ಯಾರೋ ಎದ್ದು ಸೀಟು ಕೊಡುತ್ತಿದ್ದರು. ಆ ಸೀಟಿನಲ್ಲಿ ಕೂತು ನಾನು ಹಲ್ಲು ಕಚ್ಚಿಕೊಂಡು ಅಮೃತೂರು ಮುಟ್ಟುತ್ತಿದ್ದೆ. ಸಹಾಯ ಮಾಡಿದವರ ಮೇಲೆ ಅಷ್ಟು ಸಿಟ್ಟು ಬರಬಾರದು ನಿಜ, ಆದರೂ ಬರುತ್ತಿತ್ತು.

ಇದಕ್ಕೆ ಪರಿಹಾರ ಮನೆಯ ಹಿತ್ತಲಿನಲ್ಲೇ ನಿಂತಿತ್ತು. ರಮೇಶ ಒಂದು ಗೇರಿಲ್ಲದ ಸ್ಕೂಟರು ತಂದು, ಅದರ ಹಿಂದಿನ ಚಕ್ರದ ಎಡಬಲಕ್ಕೆ ಇನ್ನೆರಡು ಚಕ್ರ ಸೇರಿಸಿಕೊಟ್ಟಿದ್ದ. ಸಂಜೆ ಹೊತ್ತು ಯಾರೂ ಇಲ್ಲದ ಮೈದಾನದಲ್ಲಿ ಅದನ್ನು ಓಡಿಸುವುದನ್ನೂ ಕಲಿತಿದ್ದೆ. ಆದರೆ ರಸ್ತೆಗೆ ಮಾತ್ರ ಇಳಿಸಲಿಲ್ಲ. ಯಾಕೆಂದರೆ, ಅಯ್ಯೋ, ಅದರ ರೂಪವೇ! ಆ್ಯಂಗಲ್ ಕಬ್ಬಿಣ, ವೆಲ್ಡಿಂಗಿನ ಗಂಟುಗಳು, ತುಕ್ಕು ಹಿಡಿದ ಬೋಲ್ಟು, ಎರಡು ಪುಟ್ಟ ಚಕ್ರಗಳು. ಅದರ ಮೇಲೆ ಕೂತರೆ ನಡೆಯಲು ಕಲಿಯುವ ಮಗುವಿನ ಗಾಡಿ ಹತ್ತಿದ ಹಾಗೆ ಕಾಣುತ್ತಿದ್ದೆ. ಆರು ತಿಂಗಳು ಅದು ಹಿತ್ತಲಲ್ಲೇ ನಿಂತಿತು. ಅಮ್ಮ ಅದರ ಸೀಟಿನ ಮೇಲೆ ಮೊರವಿಟ್ಟು ಸಂಡಿಗೆ ಒಣಗಿಸುತ್ತಿದ್ದರು.

ಬೇಸಿಗೆ ರಜೆ ಮುಗಿಯುವುದರೊಳಗೆ ತೀರ್ಮಾನವಾಗಬೇಕಿತ್ತು. ಆ ಗಾಡಿ ಹತ್ತಬೇಕು, ಇಲ್ಲವೇ ದಿನಕ್ಕೆರಡು ಸಲ ದೇವರಾಜುವಿನ ಕೈಯಲ್ಲಿ ಎತ್ತಿಸಿಕೊಳ್ಳಬೇಕು, ಅದೂ ಆಗದಿದ್ದರೆ ಕೆಲಸ ಬಿಡಬೇಕು. ಕೆಲಸ ಬಿಟ್ಟ ಮೇಲೆ ಯಾವ ಸೀರೆಗೆ ಯಾವ ರವಿಕೆ ಎಂದು ಯಾರಿಗೋಸ್ಕರ ನೋಡುವುದು? ಒಂದು ದಿನ ರಮೇಶನಿಗೆ ರೇಗಿತು. "ಅಕ್ಕಾ, ನಿಂಗೆ ಬೇಕಾಗಿರೋದು ಗಾಡಿನೋ, ಸಿಂಗಾರನೋ? ಒಂದು ಹೇಳ್ಬುಡು" ಎಂದ. ಎರಡೂ ಎಂದೆ. ಅವನು ಗಾಡಿಯನ್ನು ಒಂದು ಟೆಂಪೋಗೆ ಹಾಕಿಸಿ, ನನ್ನನ್ನೂ ತುಮಕೂರಿಗೆ ಕರೆದುಕೊಂಡು ಹೋದ.

ಶಿರಾ ಗೇಟಿನ ಹತ್ತಿರದ ಒಂದು ಓಣಿಯಲ್ಲಿ ನಯಾಜ್ ಭಾಯ್ ಎಂಬವರು ಫೈಬರ್ ಕೆಲಸ ಮಾಡುತ್ತಿದ್ದರು. ಪ್ರೈವೇಟ್ ಬಸ್ಸುಗಳ ಮೂತಿ, ಆಟೋಗಳ ಟಾಪು, ಬೈಕಿಗೆ ಹುಲಿಯ ಮುಖದಂಥ ಮುಂಭಾಗ ಬೇಕು ಎಂದು ಬರುವ ಕಾಲೇಜು ಹುಡುಗರ ಆಸೆಗಳು, ಎಲ್ಲವನ್ನೂ ಅವರು ಗಾಜಿನ ನೂಲು ಮತ್ತು ರಾಳದಲ್ಲಿ ಮಾಡಿಕೊಡುತ್ತಿದ್ದರು. ನಾನು ಒಳಗೆ ಹೋದಾಗ ಅವರು ನೋಡಿದ್ದು ಮೊದಲು ಗಾಡಿಯನ್ನು. ಆಮೇಲೂ ಗಾಡಿಯನ್ನೇ ನೋಡಿದರು. ಸುತ್ತ ಎರಡು ಸಲ ತಿರುಗಿ, ಮಂಡಿಯೂರಿ ಕೂತು, ವೆಲ್ಡಿಂಗಿನ ಗಂಟನ್ನು ಉಗುರಿನಿಂದ ಕೆರೆದು, "ಇದನ್ನ ಯಾರು ಮಾಡಿದ್ದು? ಇಷ್ಟು ಕೋಪ ಯಾಕಿತ್ತು ಅವ್ರಿಗೆ?" ಎಂದು ಕೇಳಿದರು. ನನಗೆ ಆ ಮನುಷ್ಯ ಅಲ್ಲೇ ಇಷ್ಟವಾಗಿಬಿಟ್ಟರು.

ಅವರ ತಂದೆ ಗುಬ್ಬಿಯವರು. ಗುಬ್ಬಿ ಎಂದರೆ ನಾಟಕದ ಊರಲ್ಲವೇ? ತಂದೆ ನಾಟಕದವರಿಗೆ ಕಿರೀಟ, ಭುಜಕೀರ್ತಿ, ಎದೆಕವಚಗಳನ್ನು ಮಾಡಿಕೊಡುತ್ತಿದ್ದರಂತೆ. ಮಣ್ಣಿನಲ್ಲಿ ಆಕಾರ ಮಾಡಿ, ಅದರ ಮೇಲೆ ಹಳೇ ಪೇಪರನ್ನು ಮೈದಾ ಅಂಟಿನಲ್ಲಿ ಅದ್ದಿ ಪದರ ಪದರವಾಗಿ ಹಚ್ಚಿ, ಒಣಗಿದ ಮೇಲೆ ಬಿಡಿಸಿ ಬಣ್ಣ ಹೊಡೆದರೆ ದುರ್ಯೋಧನನ ಕಿರೀಟ ಸಿದ್ಧ. ಫೈಬರ್ ಕೆಲಸವೂ ಅದೇ ಕಣಮ್ಮ, ಪೇಪರಿನ ಬದಲು ಗಾಜಿನ ನೂಲು, ಮೈದಾ ಬದಲು ರಾಳ ಎಂದು ನಯಾಜ್ ಭಾಯ್ ವಿವರಿಸಿದರು. ಪೌರಾಣಿಕ ನಾಟಕದ ಕೌರವೇಶ್ವರನಿಗೂ ಅಮೃತೂರು ಬಸ್ಸಿನ ಮೂತಿಗೂ ಹೀಗೊಂದು ವಂಶಪರಂಪರೆ ಇದೆಯೆಂದು ನನಗೆ ಯಾವ ಸಾಹಿತ್ಯ ಚರಿತ್ರೆಯೂ ಹೇಳಿಕೊಟ್ಟಿರಲಿಲ್ಲ. ನನ್ನ ಗಾಡಿಯ ಎರಡು ಪುಟ್ಟ ಚಕ್ರಗಳಿಗೂ ಕಬ್ಬಿಣ ಮುಚ್ಚುವ ಕವರು ಬೇಕು, ಒಂದೊಂದೂ ಭುಜಕೀರ್ತಿಯ ಹಾಗಿರಬೇಕು ಎಂದೆ. ಅವರಿಗೆ ಅರ್ಥವಾಯಿತು.

ಕೆರೆಯ ಜೇಡಿಮಣ್ಣು ಬಂತು. ಚಕ್ರಗಳ ಮೇಲೆ ಗೋಣಿತಾಟು ಸುತ್ತಿ ಅದರ ಮೇಲೆ ಮಣ್ಣು ಮೆತ್ತತೊಡಗಿದರು. ನಾನು ವಾರಕ್ಕೆರಡು ಸಲ ರಮೇಶನ ಬೈಕಿನಲ್ಲಿ ಹೋಗಿ ಸ್ಟೂಲಿನ ಮೇಲೆ ಕೂತು, ಇಲ್ಲಿ ಸ್ವಲ್ಪ ಇಳಿಸಿ, ಅಲ್ಲಿ ಸ್ವಲ್ಪ ತುಂಬಿ ಎಂದು ದರ್ಜಿಗೆ ಹೇಳುವ ಹಾಗೆ ಹೇಳುತ್ತಿದ್ದೆ. ಬೇರೆಯವರಾಗಿದ್ದರೆ ಓಡಿಸುತ್ತಿದ್ದರು. ಇವರು ಒದ್ದೆ ಕೈಯಿಂದ ಸವರಿ, ಸ್ಟೀಲ್ ಸ್ಕೇಲಿನಿಂದ ಹೆರೆದು, ಮತ್ತೆ ಸವರುತ್ತಿದ್ದರು. ಉಬ್ಬುತಗ್ಗು ಕಣ್ಣಿಗೆ ಸಿಗುವುದಿಲ್ಲ, ಅಂಗೈಗೆ ಸಿಗುತ್ತದೆ ಎಂದು ನನಗೂ ಕಣ್ಣು ಮುಚ್ಚಿ ಮುಟ್ಟಿ ನೋಡಲು ಹೇಳಿದರು. ಮುಟ್ಟಿದೆ. ತಣ್ಣಗೆ, ನುಣ್ಣಗೆ, ಮುಂದೆ ತೆಳ್ಳಗೆ ಶುರುವಾಗಿ ಹಿಂದಕ್ಕೆ ಹೋಗುತ್ತ ಮೆಲ್ಲಗೆ ತುಂಬಿಕೊಳ್ಳುವ ಒಂದು ಇಳಿಜಾರು. ನನಗೋಸ್ಕರ ಒಬ್ಬರು ಇಷ್ಟು ಚೆಂದದ್ದೊಂದನ್ನು ಮಾಡುತ್ತಿದ್ದಾರಲ್ಲ ಎನಿಸಿ ಸೆರಗಿನಿಂದ ಕಣ್ಣೊರೆಸಿಕೊಂಡೆ. ಮಣ್ಣು ಕಣ್ಣಿಗೆ ಬಿತ್ತು ಎಂದು ಸುಳ್ಳು ಹೇಳಿದೆ.

ಆ ಓಣಿಯಲ್ಲಿ ನಾನು ಹೇಳಿದ ಸುಳ್ಳು ಅದೊಂದೇ ಆಗಿದ್ದರೆ ಈ ಪ್ರಬಂಧ ಬರೆಯುವ ಅಗತ್ಯ ಇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ನಯಾಜ್ ಭಾಯ್ ಏನನ್ನೋ ಕೇಳಬೇಕು, ಕೇಳಲಾರರು ಎಂಬಂತೆ ಕೈ ಒರೆಸಿಕೊಳ್ಳುತ್ತ ನಿಂತರು. ಆಮೇಲೆ ಒಳಗೆ ಹೋಗಿ ಹೆಂಡತಿ ಜರೀನಾ ಹತ್ತಿರ ಮಾತಾಡಿದರು. ವರ್ಕ್‌ಶಾಪಿನ ಹಿಂದೆಯೇ ಅವರ ಮನೆ. ಜರೀನಾ ನನ್ನನ್ನು ಒಳಗೆ ಕರೆದು, ಟೀ ಬಿಸ್ಕತ್ತು ಕೊಟ್ಟು, ಊರ ಸುದ್ದಿಯೆಲ್ಲ ಮಾತಾಡಿ, ಕೊನೆಗೆ ಬಾಗಿಲ ಪರದೆಯನ್ನು ಪೂರ್ತಿ ಎಳೆದು ಪಿಸುಗುಟ್ಟಿದರು. "ಬೇಜಾರು ಮಾಡ್ಕೋಬೇಡಿ ಟೀಚರ್. ನಮ್ಮನೆಯವ್ರಿಗೆ ನಿಮ್ಮ ತೂಕ ಬೇಕಂತೆ. ಹೆಂಗಸರನ್ನ ಹೆಂಗೆ ಕೇಳೋದು ಅಂತ ಒದ್ದಾಡ್ತಾವ್ರೆ."

ಕಾರಣ ಇಷ್ಟೇ. ಚಕ್ರ ಕೆಳಗೆ, ಕವರು ಮೇಲೆ. ಸವಾರರು ಕೂತಾಗ ಗಾಡಿಯ ಮೈ ಸ್ಪ್ರಿಂಗಿನ ಮೇಲೆ ಕುಗ್ಗುತ್ತದೆ, ಕವರು ಚಕ್ರದ ಹತ್ತಿರಕ್ಕೆ ಇಳಿಯುತ್ತದೆ. ಎಷ್ಟು ಕುಗ್ಗುತ್ತದೆ ಎಂದು ನೋಡಿಕೊಂಡು ನಡುವೆ ಜಾಗ ಬಿಡಬೇಕು. ಸರಿಯಾದ ಕ್ರಮ ಎಂದರೆ ನನ್ನನ್ನೇ ಕೂರಿಸಿ ಅಳತೆ ತೆಗೆಯುವುದು. ಆದರೆ ಓಣಿಯಲ್ಲಿ ಹತ್ತು ಜನ ಓಡಾಡುವಾಗ ಟೀಚರಮ್ಮನನ್ನು ಗಂಟೆಗಟ್ಟಲೆ ಗಾಡಿಯ ಮೇಲೆ ಕೂರಿಸಿ, ತಾವು ಪಕ್ಕದಲ್ಲಿ ಮಲಗಿ ಅಳತೆ ತೆಗೆಯುವುದು ಅವರಿಗೆ ಮರ್ಯಾದೆಯಾಗಿ ತೋರಲಿಲ್ಲ. ಬದಲಿಗೆ ಅಷ್ಟೇ ತೂಕದ ಮೂಟೆ ಇಟ್ಟುಕೊಳ್ಳುವುದು ಎಂದು ಯೋಚಿಸಿದ್ದರು.

ಅದಕ್ಕೂ ಮುಂಚಿನ ವಾರವಷ್ಟೇ ನಾನು ತೂಕ ನೋಡಿಕೊಂಡಿದ್ದೆ. ಎಪ್ಪತ್ತೊಂದು ಕೇಜಿ.

"ಐವತ್ತೈದು" ಎಂದೆ.

ಜರೀನಾ ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಇನ್ನೊಂದು ಬಿಸ್ಕತ್ತು ಮುಂದಿಟ್ಟರು. ತಪ್ಪು ತಿದ್ದಿಕೊಳ್ಳಲು ಅದು ಒಳ್ಳೆಯ ಸಮಯವಾಗಿತ್ತು. ನಾನು ಬಿಸ್ಕತ್ತು ತಿಂದೆ.

ಮುಂದಿನ ಸಲ ಹೋದಾಗ ನನ್ನ ಜಾಗದಲ್ಲಿ ಐವತ್ತು ಕೇಜಿಯ ಸಿಮೆಂಟ್ ಮೂಟೆ ಕೂತಿತ್ತು, ಅದರ ಮೇಲೆ ಐದು ಕೇಜಿಯ ತೂಕದ ಕಲ್ಲು. ಹಗ್ಗ ಕಟ್ಟಿ ಬೀಳದ ಹಾಗೆ ಭದ್ರ ಮಾಡಿದ್ದರು. ರಮೇಶ ಅದನ್ನು ನೋಡಿ, ನನ್ನನ್ನು ನೋಡಿ, ಅಕ್ಕಾ ನೀನು ಸಣ್ಣಗಾಗಿದ್ದೀಯ ಎಂದ. ಅವನ ಕಾಲು ತುಳಿಯಲು ನನ್ನ ಬಲಗಾಲು ಸಾಕಾಯಿತು. ನಯಾಜ್ ಭಾಯ್ ಮಾತ್ರ ಮೂಟೆಗೆ ನನಗೆ ಕೊಡುವಷ್ಟೇ ಗೌರವ ಕೊಟ್ಟು, ಅದರ ಪಕ್ಕ ಮಂಡಿಯೂರಿ, ಚಕ್ರಕ್ಕೂ ಮಣ್ಣಿನ ಅಂಚಿಗೂ ಮಧ್ಯೆ ಎರಡು ಬೆರಳು ತೂರಿಸಿ ನೋಡುತ್ತಿದ್ದರು. ಎರಡು ಬೆರಳಿನ ಸಂದು ಇದ್ದರೆ ಎಂಥ ಗುಂಡಿಗೂ ಭಯವಿಲ್ಲ ಎಂದರು. ಅದಕ್ಕಿಂತ ಜಾಸ್ತಿ ಬಿಟ್ಟರೆ ಅಂದ ಕೆಡುತ್ತದೆ ಎಂದು ಅವರಿಗೂ ಗೊತ್ತು, ನನಗೂ ಗೊತ್ತು.

ಮಣ್ಣಿನ ಮೇಲೆ ಅಚ್ಚು ತೆಗೆದರು. ಅಚ್ಚಿನ ಒಳಗೆ ಮೇಣದ ಪಾಲಿಶನ್ನು ಮತ್ತೆ ಮತ್ತೆ ಉಜ್ಜಿದರು, ಇಲ್ಲದಿದ್ದರೆ ಕವರು ಅಚ್ಚಿಗೇ ಅಂಟಿಕೊಂಡು ಕೂರುತ್ತದಂತೆ. ಬಿಳಿ ಕೂದಲಿನ ಚಾಪೆಯಂತಿದ್ದ ಗಾಜಿನ ನೂಲನ್ನು ಹಾಸಿ, ರಾಳ ಸುರಿದು, ಬ್ರಶ್ಶಿನಿಂದ ಕುಟ್ಟಿ ಕುಟ್ಟಿ ಗಾಳಿಗುಳ್ಳೆ ಓಡಿಸಿದರು. ಆ ರಾಳ ಗಟ್ಟಿಯಾಗುವಾಗ ತಾನಾಗಿಯೇ ಬಿಸಿಯಾಗುತ್ತದೆ. ಕೈಯಿಟ್ಟರೆ ಜ್ವರ ಬಂದ ಮಗುವಿನ ಹಣೆ. ಮಾರನೆಯ ದಿನ ಮರದ ಬೆಣೆ ತೂರಿಸಿ ತಟ್ಟಿದಾಗ ಕವರು ಪಟ್ಟೆಂದು ಬಿಟ್ಟುಕೊಂಡಿತು.

ಅಂಚು ಉಜ್ಜುವ ಕೆಲಸಕ್ಕೆ ರಮೇಶನೂ ಕೈಹಾಕಿದ. ಆ ಪುಡಿ ಮೆತ್ತಿದ ಅಂಗಿಯನ್ನು ಅವನು ಮನೆಗೆ ತಂದು ಬಕೆಟ್ಟಿಗೆ ಹಾಕಿದ, ಅಮ್ಮ ಅದನ್ನು ಮನೆಮಂದಿಯ ಬಟ್ಟೆಯ ಜೊತೆ ನೆನೆಸಿದರು. ಗಾಜಿನ ಸಣ್ಣ ಸಣ್ಣ ಸೂಜಿಗಳು ಎಲ್ಲರ ಬಟ್ಟೆಗೂ ಸಮನಾಗಿ ಹಂಚಿಹೋದವು. ಎರಡು ದಿನ ಮೂವರೂ ಕೆರೆದುಕೊಂಡೆವು. ಅಮ್ಮ ಇದು ಸಿಡುಬೋ ಕಜ್ಜಿಯೋ ಎಂದು ಹೆದರಿ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಅರಿಶಿನ ಅರೆದು ಹಚ್ಚಿ, ಪಕ್ಕದ ಮನೆಯವರನ್ನು ಹೊಸ್ತಿಲಾಚೆಯೇ ನಿಲ್ಲಿಸಿ ಮಾತಾಡಿಸಿದರು. ವಿಷಯ ಗೊತ್ತಾದ ಮೇಲೆ ಆ ಬಟ್ಟೆಗಳೆಲ್ಲ ನೆಲ ಒರೆಸಲೂ ಲಾಯಕ್ಕಾಗಲಿಲ್ಲ. ನನ್ನ ಒಂದು ಒಳ್ಳೆಯ ವಾಯಿಲ್ ಸೀರೆಯೂ ಹಾಗೇ ಹೋಯಿತು. ಸೌಂದರ್ಯಕ್ಕೆ ಬಲಿ ಎಂದು ಸಮಾಧಾನ ಮಾಡಿಕೊಂಡೆ.

ಬಣ್ಣಕ್ಕೆ ನಾನು ನನ್ನ ನವಿಲು ನೀಲಿ ಸೀರೆಯ ರವಿಕೆ ತುಂಡು ತೆಗೆದುಕೊಂಡು ಹೋದೆ. ಪೇಂಟು ಕಲಸಿ, ತುಂಡಿನ ಪಕ್ಕದಲ್ಲಿ ಹಿಡಿದು, ಬಿಸಿಲಿಗೊಮ್ಮೆ ನೆರಳಿಗೊಮ್ಮೆ ನೋಡಿ, ಮತ್ತೆ ಒಂದು ಹನಿ ಹಸಿರು ಸೇರಿಸಿದರು. ಇಪ್ಪತ್ತು ವರ್ಷದಿಂದ ಮ್ಯಾಚಿಂಗ್ ಅಂಗಡಿಗಳಲ್ಲಿ ನಾನು ಪಡೆಯದ ಸುಖ ಅದು.

ಶಾಲೆ ಶುರುವಾಗುವ ಹಿಂದಿನ ದಿನ ಭಾನುವಾರ ಕವರುಗಳು ಗಾಡಿಗೆ ಕೂತವು. ಓಣಿಯಲ್ಲಿ ಹತ್ತು ಮಾರು ಓಡಿಸಿ ನೋಡಿದೆ. ಒಂದು ಸಣ್ಣ ಸದ್ದು ಬಂದ ಹಾಗಾಯಿತು. ಹೊಸದಲ್ಲವೇ ಎಂದು ಕಿವಿಗೆ ಹಾಕಿಕೊಳ್ಳಲಿಲ್ಲ. ಗಾಡಿ ಮತ್ತೆ ಟೆಂಪೋದಲ್ಲೇ ಕುಣಿಗಲ್ಲಿಗೆ ಬಂತು.

ಸೋಮವಾರ ಬೆಳಿಗ್ಗೆ ನವಿಲು ನೀಲಿ ಸೀರೆ ಉಟ್ಟು, ನವಿಲು ನೀಲಿ ಗಾಡಿ ಹತ್ತಿ, ಜೀವನದಲ್ಲಿ ಮೊದಲ ಸಲ ನಾನೇ ಓಡಿಸಿಕೊಂಡು ಕುಣಿಗಲ್ ಬಿಟ್ಟು ಹೊರಟೆ. ಅಮ್ಮ ಗೇಟಿನ ಹತ್ತಿರ ನಿಂತು ದೃಷ್ಟಿ ತೆಗೆದರು. ತೆಂಗಿನ ತೋಟಗಳ ನಡುವೆ ಗಾಳಿಗೆ ಸೆರಗು ಹಾರುತ್ತಿತ್ತು. ಎದುರಿಗೆ ಬಂದವರು ಗಾಡಿ ನೋಡಿದರು, ಮತ್ತೆ ಗಾಡಿಯನ್ನೇ ನೋಡಿದರು. ನನಗೆ ಹಾಡು ಬರುವುದಿಲ್ಲ, ಬಂದಿದ್ದರೆ ಹಾಡುತ್ತಿದ್ದೆ.

ಅರ್ಧ ದಾರಿ ಕಳೆದ ಮೇಲೆ ರಸ್ತೆಯಲ್ಲಿ ಗುಂಡಿಗಳು ಶುರುವಾದವು. ಮೊದಲನೆಯ ಗುಂಡಿಗೆ ಕರ್ ಎಂದಿತು. ಮೂರನೆಯದಕ್ಕೆ ಕರ್ರೋ ಎಂದು ಎಳೆಯಿತು. ಆಮೇಲೆ ಗುಂಡಿ ಇಲ್ಲದ ಕಡೆಯೂ ನಿಲ್ಲಲಿಲ್ಲ. ಸುಟ್ಟ ರಬ್ಬರಿನ ವಾಸನೆ ಬಂತು. ನಿಲ್ಲಿಸಿ, ಇಳಿದು, ಬಗ್ಗಿ ನೋಡಿದೆ. ಟೈರು ಕವರಿನ ಒಳಮೈಯನ್ನು ಉಜ್ಜಿ ಉಜ್ಜಿ ಬಿಳಿ ಮಾಡಿತ್ತು. ಹದಿನಾರು ಕೇಜಿ ಸುಳ್ಳು, ಅದರ ಮೇಲೆ ಪುಸ್ತಕದ ಬ್ಯಾಗು, ಟಿಫನ್ ಕ್ಯಾರಿಯರ್. ನಾನು ಇಳಿದು ನಿಂತಾಗ ಮಾತ್ರ ಗಾಡಿ ಮೇಲೆದ್ದು ಎರಡು ಬೆರಳಿಗಿಂತ ಜಾಸ್ತಿಯೇ ಸಂದು ಕಾಣುತ್ತಿತ್ತು. ನಯಾಜ್ ಭಾಯ್ ಕೆಲಸದಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಪ್ರಾರ್ಥನೆಗೆ ಅರ್ಧ ಗಂಟೆ ಇತ್ತು. ಹಿಂದಿನಿಂದ ಹಾರನ್ ಕೇಳಿತು. ನೋಡುತ್ತೇನೆ, ಅದೇ ಬಸ್ಸು. ನಿಂತಿತು. ಕಿಟಕಿಗೊಂದು ತಲೆ ಹೊರಬಂತು. ದೇವರಾಜು ಇಳಿದು ಓಡಿಬಂದ.

"ಏನಾಯ್ತು ಟೀಚರ್? ಗಾಡಿ ಇಲ್ಲೇ ಇರ್ಲಿ ಬುಡಿ, ತೋಟದೋರು ನೋಡ್ಕೋತಾರೆ. ಕೈ ಕೊಡಿ, ಎತ್ಬುಡ್ತೀನಿ" ಎಂದ.

ಅವನ ಎರಡು ಕೈಗಳೂ ಆಗಲೇ ಚಾಚಿದ್ದವು. ಹತ್ತಿಬಿಟ್ಟರೆ ಹೊತ್ತಿಗೆ ಸರಿಯಾಗಿ ಶಾಲೆಯಲ್ಲಿರುತ್ತಿದ್ದೆ. ಆದರೆ ಇವತ್ತು ಹತ್ತಿದರೆ ನಾಳೆಯೂ ಹತ್ತುತ್ತೇನೆ, ಗಾಡಿ ಮತ್ತೆ ಹಿತ್ತಲಿಗೆ ಹೋಗುತ್ತದೆ, ಅದರ ಮೇಲೆ ಸಂಡಿಗೆ ಒಣಗುತ್ತದೆ ಎಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಕವರು ಇರುವ ತನಕ ಗಾಡಿ ಓಡುವುದಿಲ್ಲ. ಕವರು ತೆಗೆದರೆ ಆ ಆ್ಯಂಗಲ್ ಕಬ್ಬಿಣ, ಆ ಪುಟ್ಟ ಚಕ್ರಗಳು, ಇಷ್ಟು ಜನರ ಕಣ್ಣೆದುರು.

"ನನ್ನ ಎತ್ತೋದು ಬೇಡ ದೇವರಾಜು. ಡ್ರೈವರ್ ಹತ್ರ ಸ್ಪಾನರ್ ಇದ್ರೆ ತಗೊಂಬಾ. ಈ ಎರಡು ಕವರ್ ಬಿಚ್ಚಿ, ಇವನ್ನ ಎತ್ತಿ ನಿನ್ನ ಬಸ್ಸಿಗೆ ಹಾಕ್ಕೊ. ಸ್ಕೂಲ್ ಗೇಟಲ್ಲಿ ಇಳಿಸ್ಬುಡು."

ಅವನು ಚಾಚಿದ ಕೈ ಹಿಂದಕ್ಕೆ ತೆಗೆದ. ಆಮೇಲೆ ಸ್ಪಾನರ್ ತಂದ. ಕವರಿಗೆ ನಾಲ್ಕು ನಾಲ್ಕು ಬೋಲ್ಟು. ಬಿಚ್ಚುತ್ತಿದ್ದಾಗ ಬಸ್ಸಿನೊಳಗಿನಿಂದ ಯಾರೋ, ಹುಷಾರು ಕಣಯ್ಯ, ಪೇಂಟು ಕೆರೀತದೆ ಎಂದರು. ಇಬ್ಬರು ಹೆಂಗಸರು ಎದ್ದು ಅವಕ್ಕೆ ಸೀಟು ಬಿಟ್ಟುಕೊಟ್ಟರು. ನನ್ನ ಭುಜಕೀರ್ತಿಗಳು ಕಿಟಕಿ ಪಕ್ಕ ಕೂತು ಮುಂದೆ ಹೋದವು, ನಾನು ಬಸ್ಸಿನ ಧೂಳು ಕುಡಿಯುತ್ತ ಹಿಂದೆ ಹೋದೆ. ಪ್ರಾರ್ಥನೆ ಮುಗಿಯುವಷ್ಟರಲ್ಲಿ ಶಾಲೆ ಮುಟ್ಟಿದೆ. ನನ್ನ ಗಾಡಿ, ನನ್ನ ಕೈ, ನನ್ನ ದಾರಿ. ಆ ದಿನದ ಪಾಠ ಹೇಗಾಯಿತು ಎಂದು ಕೇಳಬೇಡಿ, ನನಗೆ ಒಂದಕ್ಷರ ನೆನಪಿಲ್ಲ.

ಆ ವಾರವೆಲ್ಲ ಬರಿಮೈ ಗಾಡಿಯಲ್ಲೇ ಓಡಾಡಿದೆ. ಮೊದಲೆರಡು ದಿನ ಕತ್ತು ಬಗ್ಗಿಸಿಕೊಂಡು ಓಡಿಸಿದೆ. ಮೂರನೆಯ ದಿನ ಒಂದು ವಿಷಯ ಹೊಳೆಯಿತು. ಕಾಲು, ಮುಖ, ಕಾಲು ನೋಡಿ, ಅಯ್ಯೋ ಪಾಪ ಎನ್ನಲು ಜನರಿಗೆ ಸ್ವಲ್ಪ ಪುರಸೊತ್ತು ಬೇಕು. ಗಂಟೆಗೆ ಮೂವತ್ತು ಕಿಲೋಮೀಟರಿನಲ್ಲಿ ಹೋದರೆ ಅವರು ಕಾಲಿಗೆ ಬರುವಷ್ಟರಲ್ಲಿ ನಾನು ತೋಟ ದಾಟಿರುತ್ತೇನೆ. ಅವರ ಕರುಣೆ ಹಿಂದೆ ರಸ್ತೆಯಲ್ಲೇ ಉಳಿಯುತ್ತದೆ. ಶನಿವಾರದ ಹೊತ್ತಿಗೆ ನಾನು ಯಾರು ನೋಡುತ್ತಾರೆ ಎಂದು ನೋಡುವುದನ್ನೇ ಮರೆತಿದ್ದೆ. ಗುಂಡಿ ಎಲ್ಲಿದೆ ಎಂದಷ್ಟೇ ನೋಡುತ್ತಿದ್ದೆ.

ಭಾನುವಾರ ಹೆಬ್ಬೂರಿನ ಮೇಲೆ ತುಮಕೂರಿಗೂ ನಾನೇ ಓಡಿಸಿಕೊಂಡು ಹೋದೆ. ರಮೇಶ ಕವರುಗಳನ್ನು ಬೈಕಿಗೆ ಕಟ್ಟಿಕೊಂಡು ಹಿಂದೆ ಬಂದ. ನಯಾಜ್ ಭಾಯ್ ಉಜ್ಜಿದ ಗುರುತು ನೋಡಿದರು, ಬೆರಳಿಂದ ಮುಟ್ಟಿದರು, ಏನೂ ಕೇಳಲಿಲ್ಲ. ಅವರು ಕೇಳದೆ ಇದ್ದದ್ದೇ ನನಗೆ ಕಷ್ಟವಾಯಿತು. ಒಬ್ಬ ಕೆಲಸಗಾರನ ಅಳತೆಗೆ ನಾನು ಕಳಂಕ ತಂದಿದ್ದೆ.

ಅವರು ಎದ್ದು ನಿಂತು, "ಈಗ ಇದು ಇಲ್ದೇನೇ ಧೈರ್ಯವಾಗಿ ಓಡಿಸ್ತಾ ಇದೀರಲ್ಲ ಮೇಡಂ. ಮತ್ತೆ ಬೇಕಾ ಇದು?" ಎಂದರು.

ನ್ಯಾಯವಾದ ಪ್ರಶ್ನೆ. ಪ್ರಬಂಧದ ಪೀರಿಯಡ್ಡಿನಲ್ಲಾದರೆ ನಾನು ಕೊಡುತ್ತಿದ್ದ ಉತ್ತರ ನಿಮಗೆ ಗೊತ್ತೇ ಇದೆ. ನೀಲಿ ಕವರುಗಳು ಗೋಡೆಗೆ ಒರಗಿದ್ದವು. ಬಿಸಿಲು ಆ ಇಳಿಜಾರಿನ ಮೇಲೆ ಬಿದ್ದಿತ್ತು. ಮುಚ್ಚಿಕೊಳ್ಳಲು ನನಗೆ ಈಗ ಏನೂ ಉಳಿದಿರಲಿಲ್ಲ, ಆದರೂ ಅವು ಅಷ್ಟೇ ಚೆನ್ನಾಗಿದ್ದವು.

"ಬೇಕು" ಎಂದೆ. "ಚೆನ್ನಾಗಿದೆ, ಅದಕ್ಕೆ."

"ಹಂಗಾದ್ರೆ ಈ ಸಲ ನೀವೇ ಕೂತ್ಕೊಳ್ಳಿ."

ಬ್ಯಾಗು, ಟಿಫನ್ ಕ್ಯಾರಿಯರ್ ಸಮೇತ ಕೂತೆ. ಓಣಿಯಲ್ಲಿ ಹೋಗುವವರು ಹೋಗುತ್ತಿದ್ದರು, ಬಸ್ಸಿನ ಮೂತಿ ನೋಡಲು ಬಂದ ನಾಲ್ಕು ಜನ ಅಲ್ಲೇ ನಿಂತಿದ್ದರು, ಜರೀನಾ ಪರದೆ ಸರಿಸಿ ಬಾಗಿಲಲ್ಲಿ ನಿಂತರು. ನಯಾಜ್ ಭಾಯ್ ನೆಲದ ಮೇಲೆ ಗೋಣಿ ಹಾಸಿಕೊಂಡು ಚಕ್ರದ ಪಕ್ಕ ಮಲಗಿ, ಸಂದಿಗೆ ಬೆರಳು ತೂರಿಸಿದರು. ನಾನು ಎಲ್ಲರಿಗೂ ಕೇಳುವ ಹಾಗೆ, ಕ್ಲಾಸಿನಲ್ಲಿ ಹಾಜರಿ ಕೂಗುವ ದನಿಯಲ್ಲಿ ಹೇಳಿದೆ.

"ನಯಾಜ್ ಭಾಯ್, ನನ್ನ ತೂಕ ಎಪ್ಪತ್ತೊಂದು. ಅವತ್ತು ಸುಳ್ಳು ಹೇಳ್ದೆ."

ಅವರು ತಲೆ ಎತ್ತಲೂ ಇಲ್ಲ. "ನಾನು ಎಪ್ಪತ್ತೈದು ಅಂದ್ಕೊಂಡಿದ್ದೆ ಮೇಡಂ. ನೀವೇ ಬಾಯಿಬಿಟ್ಟು ಹೇಳಿದ್ಮೇಲೆ ನಿಮ್ಮ ಮಾತು ಹೆಂಗೆ ತೆಗೆದುಹಾಕೋದು ಅಂತ ಸುಮ್ನಾದೆ. ಎಪ್ಪತ್ತೈದಕ್ಕೇ ಜಾಗ ಬಿಡ್ಲಾ?"

ನನಗೆ ನಗು ತಡೆಯಲಾಗಲಿಲ್ಲ. ನಕ್ಕಾಗ ಗಾಡಿಯೂ ಅಲುಗಾಡಿತು, ಅವರ ಬೆರಳು ಸಂದಿಯಲ್ಲೇ ಇತ್ತು, ಅಲುಗಾಡಬೇಡಿ ಎಂದು ಗದರಿಸಿದರು. ಸುಮ್ಮನೆ ನೆಟ್ಟಗೆ ಕೂತೆ. ಆದರೆ ಎಪ್ಪತ್ತೊಂದು ಎಂದರೆ ಎಪ್ಪತ್ತೊಂದೇ, ಒಂದು ಕೇಜಿಯೂ ಜಾಸ್ತಿ ಬರೆದುಕೊಳ್ಳಕೂಡದು ಎಂದು ಹೇಳಿಬಿಟ್ಟೆ.